ಪರೀಕ್ಷೆಯ ದೋಣಿ

ಎಂಟು ಎಲ್ಲಿಂದ ಬಂತು ಎಂಬುದು ಸೌಜನ್ಯಳಿಗೆ ತಿಳಿಯಲಿಲ್ಲ.

ಪ್ರಶ್ನೆ ಅವಳೇ ತಯಾರಿಸಿದ್ದು. ಒಂದು ದೋಣಿಯಲ್ಲಿ ಆರು ಮಂದಿ ಮೀನು ಹಿಡಿಯಲು ಹೋದರು. ಸಿಕ್ಕಿದ ಮೀನಿನಲ್ಲಿ ಎರಡು ಬುಟ್ಟಿ ಕೆಟ್ಟುಹೋಯಿತು. ಉಳಿದದ್ದನ್ನು ಸಮಪಾಲು ಮಾಡಿದಾಗ ಒಬ್ಬೊಬ್ಬರಿಗೆ ಒಂಬತ್ತು ಬುಟ್ಟಿ ಬಂತು. ಒಟ್ಟು ಎಷ್ಟು ಬುಟ್ಟಿ ಸಿಕ್ಕಿತ್ತು? ಆರು ಒಂಬತ್ತು ಐವತ್ತನಾಲ್ಕು, ಅದಕ್ಕೆರಡು ಸೇರಿದರೆ ಐವತ್ತಾರು. ಮೋಕ್ಷಿತಾ ಒಂಬತ್ತನ್ನು ಎಂಟರಿಂದ ಗುಣಿಸಿ, ಎರಡು ಕೂಡಿಸಿ, ಎಪ್ಪತ್ತನಾಲ್ಕು ಎಂದು ಬರೆದು, ಉತ್ತರದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ತಪ್ಪು ಮಾಡುವ ಮಕ್ಕಳು ಹೀಗೆ ಗೆರೆ ಎಳೆಯುವುದಿಲ್ಲ. ಸಂಶಯವಿದ್ದಲ್ಲಿ ಅವರು ಅಕ್ಷರ ಸಣ್ಣದು ಮಾಡುತ್ತಾರೆ, ಇಲ್ಲವೆ ಒರೆಸಿ ಒರೆಸಿ ಕಾಗದ ತೂತು ಮಾಡುತ್ತಾರೆ. ಇಲ್ಲಿ ಸಂಶಯದ ಗುರುತೇ ಇರಲಿಲ್ಲ.

ಗಣಿತದ ವಿಶೇಷ ಬ್ಯಾಚಿಗೆ ಆಯ್ಕೆಯಾಗಲು ಮೋಕ್ಷಿತಾಗೆ ಎರಡು ಅಂಕ ಕಡಿಮೆಯಾಗಿತ್ತು. ಆ ಲೆಕ್ಕಕ್ಕೆ ನಾಲ್ಕು ಅಂಕ.

ಅದು ೨೦೧೦ರ ಜೂನ್. ಶಾಲೆ ಬೈಂದೂರಿನಿಂದ ಸ್ವಲ್ಪ ಈಚೆಗೆ, ಹೆದ್ದಾರಿಯ ಪಕ್ಕದ ದಿಬ್ಬದ ಮೇಲಿತ್ತು. ಕನ್ನಡ ಮಾಧ್ಯಮದ ಹಳೆಯ ಅನುದಾನಿತ ಶಾಲೆ. ಬೆಳಿಗ್ಗೆ ಅದರ ಗೇಟಿನ ಎದುರಿನಿಂದಲೇ ಹಳದಿ ವ್ಯಾನುಗಳು ಊರಿನ ಮಕ್ಕಳನ್ನು ತುಂಬಿಕೊಂಡು ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಿದ್ದವು. ಹೆಡ್‌ಮಾಸ್ಟರ್ ಚೆನ್ನಯ್ಯನವರು ಜಗಲಿಯಲ್ಲಿ ನಿಂತು ಆ ವ್ಯಾನುಗಳನ್ನೇ ನೋಡುತ್ತಿದ್ದರು. ಆ ಬೇಸಗೆಯಲ್ಲಿ ಅವರೊಂದು ಉಪಾಯ ಹುಡುಕಿದರು. ಬೀಜಗಣಿತ ಶುರುವಾಗುವುದು ಎಂಟನೆಯಲ್ಲಿ. ಏಳನೆಯ ಮಕ್ಕಳಲ್ಲಿ ಕೆಲವರನ್ನು ಆರಿಸಿ ಅವರಿಗೆ ಅದನ್ನು ಏಳರಲ್ಲೇ ಮುಗಿಸಿಬಿಟ್ಟರೆ, ಎಂಟರಲ್ಲಿ ಒಂಬತ್ತರ ಪಾಠ ಮಾಡಬಹುದು. ಪಿಯುಸಿಗೆ ಹೋಗುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಒಂದು ವರ್ಷ ಉಳಿದಿರುತ್ತದೆ. ಸುತ್ತೋಲೆಯಲ್ಲಿ ಅದಕ್ಕೆ ಮುಂಗಡ ಗಣಿತ ಎಂದು ಹೆಸರಿಟ್ಟರು. ಮಕ್ಕಳು ಫಾಸ್ಟ್ ಬ್ಯಾಚ್ ಎಂದರು.

ಕಲಿಸುವ ಕೆಲಸ ಸೌಜನ್ಯಳಿಗೆ ಬಂತು. ಬಾರ್ಕೂರಿನವಳು, ಬಿಎಸ್ಸಿ, ಬಿಎಡ್; ಆಡಳಿತ ಮಂಡಳಿ ಸಂಬಳ ಕೊಡುವ ತಾತ್ಕಾಲಿಕ ಹುದ್ದೆ. ಆಯ್ಕೆ ಪರೀಕ್ಷೆಯಾದ ಮೇಲೆ ಅವಳಿಗೆ ಬಸ್ಸಿನಲ್ಲಿ ನೆಮ್ಮದಿಯಾಗಿ ಕೂತುಕೊಳ್ಳಲು ಆಗುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಾರಾದರೊಬ್ಬರು ಬಗ್ಗಿ ತಮ್ಮ ಮಗುವಿನ ಕತೆ ಕೇಳುತ್ತಿದ್ದರು. ಉಪ್ಪುಂದದಲ್ಲಿ ಹೋಟೆಲು ನಡೆಸುವ ಉಲ್ಲಾಸ ಶೆಟ್ಟರು, ಮಗಳು ಅನಿಷಾಳನ್ನು ತೆಗೆದುಕೊಳ್ಳದಿದ್ದರೆ ಟಿಸಿ ಕೊಟ್ಟುಬಿಡಿ ಎಂದು ಫೋನಿನಲ್ಲೇ ಹೇಳಿದ್ದರು. ಅನಿಷಾ ಆಯ್ಕೆಯಾಗಿದ್ದಳು, ಆ ತಲೆಬಿಸಿ ಇರಲಿಲ್ಲ. ಸೌಜನ್ಯಳ ಹೆದರಿಕೆ ಬೇರೆಯದು. ಈ ಬ್ಯಾಚಿಗೆ ಹತ್ತಲು ಪರೀಕ್ಷೆಯಿತ್ತು, ಇಳಿಯಲು ದಾರಿ ಇರಲಿಲ್ಲ. ನಡುವೆ ಸೋತು ಹಿಂದಿರುಗುವ ಮಗುವಿಗೆ ಮಾಮೂಲು ಕ್ಲಾಸಿನಲ್ಲಿ ಅರ್ಧ ಪುಸ್ತಕ ಮುಗಿದುಹೋಗಿರುತ್ತದೆ. ಇಲ್ಲಿಯದೂ ಇಲ್ಲ, ಅಲ್ಲಿಯದೂ ಇಲ್ಲ. ಇದನ್ನು ಅವಳು ಸಭೆಯಲ್ಲಿ ಹೇಳಿದ್ದಳು. ಚೆನ್ನಯ್ಯನವರು ಕೇಳಿಸಿಕೊಂಡು, ಅದಕ್ಕೇ ಅಲ್ಲವೆ ಆರಿಸುವುದು ಎಂದಿದ್ದರು.

ಮರುದಿನ ಊಟದ ಬಿಡುವಿನಲ್ಲಿ ಅವಳು ಮೋಕ್ಷಿತಾಳನ್ನು ಕರೆಸಿದಳು. ಕೊಡೇರಿಯ ಕಡಲ ಕರೆಯ, ದಂಡೆಯ ಮನೆಯ ಹುಡುಗಿ. ಅಪ್ಪ ಚಂದಯ್ಯ ನಾಡದೋಣಿಯಲ್ಲಿ ಹೋಗುವವನು, ತಾಯಿ ಪ್ರಭಾವತಿ ಮೀನು ಮಾರುವವಳು. ಉತ್ತರಪತ್ರಿಕೆಯನ್ನು ಮುಂದಿಟ್ಟು ಎಂಟು ಯಾವುದೆಂದು ಕೇಳಿದರೆ, ಹುಡುಗಿ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದಿದಳು. ಓದಿ ಮುಗಿಸಿದ ಮೇಲೂ ಅವಳ ಮುಖದಲ್ಲಿ ತಪ್ಪು ಸಿಕ್ಕಿದ ಲಕ್ಷಣ ಕಾಣಲಿಲ್ಲ.

"ಜನ ಆರ್, ಟೀಚರ್. ದೋಣಿಗೊಂದ್ ಪಾಲ್, ಬಲೆಗೊಂದ್ ಪಾಲ್. ಎಂಟಾಯ್ತಲ್ದಾ?"

ಸೌಜನ್ಯ ಪ್ರಶ್ನೆಯನ್ನು ತಾನೂ ಮತ್ತೊಮ್ಮೆ ಓದಿದಳು. ಅವಳ ಮನೆ ಗದ್ದೆಯ ನಡುವೆ. ಮೀನು ಅಲ್ಲಿಗೆ ಸ್ಕೂಟರಿನಲ್ಲಿ ಹಾರ್ನ್ ಹಾಕುತ್ತ ಬರುತ್ತಿತ್ತು. ಅದು ದಡದಲ್ಲಿ ಹೇಗೆ ಪಾಲಾಗುತ್ತದೆಂದು ಅವಳು ಯಾವತ್ತೂ ನೋಡಿರಲಿಲ್ಲ. ಕಡಲ ಕರೆಯ ಮಕ್ಕಳಿಗೆ ಸುಲಭವಾಗಲಿ ಎಂದೇ ಮಾವಿನ ಹಣ್ಣು ಬಿಟ್ಟು ಮೀನು ಹಾಕಿದ್ದಳು. ದೋಣಿಗೂ ಪಾಲು ಉಂಟೇ ಎಂದು ಕೇಳಿದಾಗ ಹುಡುಗಿಗೆ ಅಚ್ಚರಿಯಾಯಿತು. ಕೊಡದಿದ್ದರೆ ದೋಣಿ ಒಡೆದಾಗ ಯಾರು ಕಟ್ಟಿಸುವುದು ಎಂದು ತಿರುಗಿ ಕೇಳಿದಳು.

ಸುಣ್ಣದ ಕಡ್ಡಿ ಕೇಳಲು ಬಂದ ಅದೇ ಕ್ಲಾಸಿನ ಸಚಿನ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಅವನ ಅಪ್ಪನೂ ಚಂದಯ್ಯನ ದೋಣಿಯವನೇ. ಅವನ ಪತ್ರಿಕೆಯಲ್ಲಿ ಐವತ್ತಾರು ಎಂದೇ ಇತ್ತು. ನಿಮ್ಮ ದೋಣಿಗೂ ಪಾಲು ಇದೆಯಲ್ಲ, ನೀನು ಯಾಕೆ ಬಿಟ್ಟೆ ಎಂದು ಸೌಜನ್ಯ ಕೇಳಿದಳು.

"ಅದ್ ಪರೀಕ್ಷೆ ದೋಣಿ ಅಲ್ದಾ ಟೀಚರ್? ಅದಕ್ಕೆಂತಕ್ಕೆ ಪಾಲ್?" ಎಂದ ಅವನು, ಮೋಕ್ಷಿತಾಳ ಕಡೆ ತಿರುಗಿ ಸಣ್ಣಗೆ ಸೇರಿಸಿದ, "ಹೆಡ್ಡಿ."

"ಮನೆಗ್ ಹೋಯಿ ನಿನ್ನಪ್ಪಯ್ಯನತ್ರ ಹೇಳ್, ಬಲೆಗ್ ಪಾಲ್ ಬ್ಯಾಡ ಅಂತ," ಎಂದಳು ಮೋಕ್ಷಿತಾ.

ಅವನು ನಗುತ್ತ ಸುಣ್ಣದ ಕಡ್ಡಿ ತೆಗೆದುಕೊಂಡು ಓಡಿದ.

ಸೌಜನ್ಯಳಿಗೆ ಒಂದು ಕ್ಷಣ ನಿರಾಳವಾಯಿತು. ತಪ್ಪು ಪ್ರಶ್ನೆಯದು, ನಾಲ್ಕು ಅಂಕ ಕೊಟ್ಟರೆ ಮುಗಿಯಿತು. ಆದರೂ ಅವಳು ಒಂದು ಸಲ ಪರೀಕ್ಷಿಸಿ ನೋಡೋಣ ಎಂದುಕೊಂಡಳು. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಂಡಿದ್ದೇನೆ, ಅದರ ಮೂರರಷ್ಟಕ್ಕೆ ನಾಲ್ಕು ಸೇರಿಸಿದರೆ ಹತ್ತೊಂಬತ್ತು ಎಂದಾಗ ಮೋಕ್ಷಿತಾ ತಡವಿಲ್ಲದೆ ಐದು ಎಂದಳು. ಅದನ್ನೇ ಬೋರ್ಡಿನ ಮೇಲೆ x ಹಾಕಿ ಬರೆದು ತೋರಿಸಿ, ಪಕ್ಕದಲ್ಲಿ ಇನ್ನೊಂದು ಬರೆದಳು: 3x + 4 = x + 10. ಸುಣ್ಣದ ಕಡ್ಡಿಯನ್ನು ಹುಡುಗಿಯ ಕೈಗೆ ಕೊಟ್ಟಳು.

"x ಎಂತದ್ದ್ ಟೀಚರ್?"

"ಒಂದು ಸಂಖ್ಯೆ."

"ಎಂತದ್ರ ಸಂಖ್ಯೆ?"

"ಯಾವುದರದ್ದೂ ಅಲ್ಲ. ಬರೀ ಸಂಖ್ಯೆ."

ಹುಡುಗಿ ಕೈ ಎತ್ತಿದಳು, ಕಡ್ಡಿಯ ತುದಿ ಬೋರ್ಡಿಗೆ ತಾಗಿತು, ಅಲ್ಲಿಯೇ ನಿಂತಿತು. ಮೊದಲ ಲೆಕ್ಕದಲ್ಲಿ ಟೀಚರ ಮನಸ್ಸಿನಲ್ಲಿ ಒಂದು ಸಂಖ್ಯೆ ಇತ್ತು. ಇದು ಯಾರ ಮನಸ್ಸಿನಲ್ಲೂ ಇರಲಿಲ್ಲ. ಸಮಚಿಹ್ನೆಯ ಎರಡೂ ಬದಿಯಲ್ಲಿ ಸುಮ್ಮನೆ ಕೂತಿತ್ತು. ಸೌಜನ್ಯ ಸಹಾಯ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟು, ಹೋಗಬಹುದೇ ಎಂದು ಕೇಳಿದಳು.

ಸಂಜೆ ಬಸ್ಸಿನಲ್ಲಿ ಸೌಜನ್ಯ ಇದನ್ನೇ ಯೋಚಿಸಿದಳು. ಸಚಿನ್ ಆ ಸಮೀಕರಣವನ್ನು ಬಿಡಿಸಿಬಿಡುತ್ತಿದ್ದ. ಬೈಂದೂರಿನ ಟ್ಯೂಶನ್ನಿನಲ್ಲಿ ಅವನಿಗೆ ಈಕಡೆಯದನ್ನು ಆಕಡೆಗೆ ಹಾಕಿ ಚಿಹ್ನೆ ಬದಲಿಸಲು ಹೇಳಿಕೊಟ್ಟಿದ್ದರು. x ಏನು ಎಂದು ಅವನು ಕೇಳುತ್ತಿರಲಿಲ್ಲ. ಅವಳೂ ಆ ವಯಸ್ಸಿನಲ್ಲಿ ಕೇಳಿರಲಿಲ್ಲ. ಅವಳಿಗೆ ಆ ಪ್ರಶ್ನೆ ಎದ್ದದ್ದು ಡಿಗ್ರಿಯ ಎರಡನೆಯ ವರ್ಷದಲ್ಲಿ. ಆಗ ಹಿಂದೆ ಕಲಿತದ್ದೆಲ್ಲ ಅಲುಗಾಡಿದಂತಾಗಿ, ಒಂದಷ್ಟು ದಿನ ಪುಸ್ತಕ ತೆರೆಯಲು ಭಯವಾಗಿತ್ತು. ಹಾಗಾದರೆ ಹನ್ನೆರಡನೆಯ ವಯಸ್ಸಿನಲ್ಲಿ ಕೇಳುವ ಮಗು ಬೀಜಗಣಿತಕ್ಕೆ ಸಿದ್ಧವಾಗಿದೆಯೆ, ಅಥವಾ ಸಿದ್ಧವಾಗಿಲ್ಲವೆ? ಒಂದು ವರ್ಷ ಬಿಟ್ಟರೆ ಇದೇ ಹುಡುಗಿ ತಾನಾಗಿ ಆ ಹೊಸ್ತಿಲು ದಾಟಬಹುದು. ಅಥವಾ, ನೀನು ಆಯ್ಕೆಯಾಗಲಿಲ್ಲ ಎಂಬ ಮಾತು ಅವಳೊಳಗೆ ಕೂತು, ದಾಟುವ ಮನಸ್ಸನ್ನೇ ಕೊಲ್ಲಬಹುದು. ಎರಡನ್ನೂ ಮಾಡಿ ನೋಡಿ ಹೋಲಿಸಲು ಇದು ಪ್ರಯೋಗಾಲಯದ ದ್ರಾವಣವಲ್ಲ. ಇರುವ ಮಗು ಒಂದೇ.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಪ್ರಭಾವತಿ ಬಂದಳು. ವ್ಯಾಪಾರ ಮುಗಿಸಿ, ಖಾಲಿ ಬುಟ್ಟಿಯನ್ನು ಗೇಟಿನ ಹತ್ತಿರ ಇಟ್ಟು, ಛತ್ರಿಯ ನೀರು ಕೊಡವುತ್ತ ನೇರವಾಗಿ ಸ್ಟಾಫ್ ರೂಮಿಗೆ ಬಂದು ಸೌಜನ್ಯಳ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಟೀಚರೆ, ನನ್ನ ಮಗಳತ್ರ ನೀವ್ ಎಂತ ಕೇಂಡ್ರಿ? ಅವತ್ತಿಂದ ಸಮ ಉಂಬುದಿಲ್ಲ. ಗ್ವಾಡಿ ಮೇಲೆ ಎಂತದೋ ಬರೀತ್ಲ್, ಒರ್ಸ್ತ್ಲ್. ಕೇಂಡ್ರೆ ಮಾತಿಲ್ಲ."

ಸೌಜನ್ಯ ದೋಣಿಯ ಲೆಕ್ಕದಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಪಾಲಿನ ವಿಷಯಕ್ಕೆ ಪ್ರಭಾವತಿ ನಕ್ಕುಬಿಟ್ಟಳು. ದೋಣಿಯ ಪಾಲು ತೆಗೆಯದೆ ಮೀನು ಹಂಚುವ ಆ ಆರು ಮಂದಿ ಯಾವ ಊರಿನವರು, ಅವರಿಗೆ ಹೆಣ್ಣು ಕೊಡುವವರು ಇದ್ದಾರೆಯೆ ಎಂದು ಕೇಳಿದಳು. ಆಮೇಲೆ ನಗು ನಿಂತಿತು. ಸಚಿನ್ ಆಯ್ಕೆಯಾದದ್ದು ಅವಳಿಗೆ ಗೊತ್ತಾಗಿತ್ತು. ಒಂದೇ ದೋಣಿಯ ಎರಡು ಮನೆ; ಒಂದು ಮಗು ಮುಂದೆ, ಒಂದು ಹಿಂದೆ ಎಂದಾದರೆ ದಡದಲ್ಲಿ ನಿಂತು ಮಾತಾಡುವುದು ಹೇಗೆ? ಅದೂ ಇರಲಿ. ಸರಕಾರದ ನಿಷೇಧದಿಂದ ಯಾಂತ್ರಿಕ ದೋಣಿಗಳು ಲಂಗರು ಹಾಕಿರುವ ಈ ಮಳೆಗಾಲದಲ್ಲೇ ನಾಡದೋಣಿಯವರ ದುಡಿಮೆ. ಚಂದಯ್ಯನಿಗೆ ಕಳೆದ ವರ್ಷ ಭುಜಕ್ಕೆ ಪೆಟ್ಟಾಗಿತ್ತು.

"ಒಂದ್ ವರ್ಷ ಮುಂಚೆ ಕಲ್ತ್ರೆ ಅವ್ಳಿಗೆ ಒಂದ್ ವರ್ಷ ಮುಂಚೆ ಕೆಲ್ಸ. ಅಷ್ಟ್ ಬೇಗ ಅವ್ರಿಗೆ ಮಳೆಗಾಲ್ದಗೆ ಕಡಲಿಗ್ ಹೋಪುದ್ ತಪ್ಪತ್ತ್. ನನ್ನ ಲೆಕ್ಕ ಇಷ್ಟೆ, ಟೀಚರೆ."

ಲೆಕ್ಕ ಹಾಗೆ ನೇರವಾಗಿ ಹೋಗುವುದಿಲ್ಲ ಎಂದು ಸೌಜನ್ಯ ವಿವರಿಸಲು ನೋಡಿದಳು. ಮೊದಲು ಕಲಿತರೂ ಎಸ್ಸೆಸ್ಸೆಲ್ಸಿ ಬರುವುದು ಹತ್ತರಲ್ಲೇ. ಸಿಗುವುದು ವರ್ಷವಲ್ಲ, ಸ್ವಲ್ಪ ಅಭ್ಯಾಸ. ನಡುವೆ ಬಿದ್ದರೆ ಎತ್ತುವವರಿಲ್ಲ. ಮಾತು ತಲುಪುತ್ತಿಲ್ಲ ಎನಿಸಿ, ಅವಳು ಹೋಲಿಕೆಯೊಂದನ್ನು ಹಿಡಿದಳು: ದೋಣಿ ಇಳಿಸುವಾಗಲೂ ತೆರೆ ನೋಡಿ, ಕಾದು ಇಳಿಸುತ್ತಾರಲ್ಲ, ಇದೂ ಹಾಗೆಯೇ.

ಪ್ರಭಾವತಿ ಛತ್ರಿಯನ್ನು ಕುರ್ಚಿಗೆ ಒರಗಿಸಿದಳು.

"ಕಡಲಗೆ ತೆರೆ ಕಣ್ಣಿಗ್ ಕಾಣತ್ತ್. ಇದ್ರಗೆ ಎಂತ ಕಾಣತ್ತ್? ನಿಮ್ಗೆ ಕಾಣತ್ತಾ?"

"ಇಲ್ಲ," ಎಂದಳು ಸೌಜನ್ಯ.

"ಹಾಂಗಾರೆ ಕಾಯಿ ಅಂದ್ರೆ, ಎಂತ ಕಂಡ್ಕಂಡ್ ಕಾಯುದ್?"

ಪ್ರಭಾವತಿ ಛತ್ರಿ ಎತ್ತಿಕೊಂಡು ಹೋಗುವಾಗ, ಪಟ್ಟಿ ಸೋಮವಾರ ಹಾಕುತ್ತೀರಲ್ಲ ಎಂದು ಮಾತ್ರ ಕೇಳಿದಳು.

ಚೆನ್ನಯ್ಯನವರು ಸೌಜನ್ಯ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಇನ್ನೆರಡು ವರ್ಷ ಮಕ್ಕಳ ಸಂಖ್ಯೆ ಹೀಗೆಯೇ ಇಳಿದರೆ ಒಂದೊಂದೇ ಹುದ್ದೆ ಹೋಗುತ್ತದೆ ಎಂಬುದು ಅವರ ಮುಖದ ಮೇಲೆ ಸದಾ ಇರುವ ಚಿಂತೆ. "ಅಂಕ ಕೊಡುದ್ ನಿಮ್ಮ ಕೈಯಗೆ ಇತ್ತ್," ಎಂದರು. "ಮತ್ತೆ ಅವ್ಳ್ ಹಿಂದ್ ಬಿದ್ಲ್ ಅಂದೇಳಿ ಕ್ಲಾಸ್ ನಿಲ್ಲುಕಾಗ. ಅಷ್ಟೆ."

ಸೌಜನ್ಯ ನಾಲ್ಕು ಅಂಕ ಕೊಟ್ಟಳು. ದೋಣಿಗೂ ಬಲೆಗೂ ಪಾಲಿಲ್ಲ ಎಂದು ಪ್ರಶ್ನೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೊಡದಿರಲು ಕಾರಣ ಸಿಗಲಿಲ್ಲ. ಆದರೆ ಅಂಕ ಕೊಟ್ಟದ್ದಕ್ಕೂ ಬ್ಯಾಚಿಗೆ ಸೇರಿಸಿದ್ದಕ್ಕೂ ನಡುವೆ, ಹುಡುಗಿ ಸಿದ್ಧಳಿದ್ದಾಳೆಯೆ ಎಂಬ ಇನ್ನೊಂದು ತೀರ್ಮಾನವಿತ್ತು, ಅದನ್ನು ತಾನು ಮಾಡದೆ ದಾಟಿದೆ ಎಂದು ಅವಳಿಗೆ ಪಟ್ಟಿಗೆ ಪಿನ್ನು ಚುಚ್ಚುವಾಗ ಅನಿಸಿತು. ಪಟ್ಟಿಯ ಕೊನೆಯ ಹೆಸರು ಮೋಕ್ಷಿತಾಳದ್ದು.

ಜುಲೈಯಲ್ಲಿ ತರಗತಿ ಶುರುವಾಯಿತು. ಮೊದಮೊದಲು ಮೋಕ್ಷಿತಾ ಪ್ರತಿ ಪಾಠದಲ್ಲೂ ಕೈ ಎತ್ತಿದಳು. 5x ಎಂದರೆ ಐದು ಯಾವುದು? x ವರ್ಗ ಎಂದರೆ ಬುಟ್ಟಿಯನ್ನು ಬುಟ್ಟಿಯಿಂದ ಗುಣಿಸುವುದು ಹೇಗೆ? ಸೌಜನ್ಯ ನಿಲ್ಲಿಸಿ ಉತ್ತರಿಸುತ್ತಿದ್ದಳು. ಕೆಲವಕ್ಕೆ ಉತ್ತರ ಹುಡುಕಲು ಅವಳಿಗೇ ಮನೆಯಲ್ಲಿ ಕೂರಬೇಕಾಯಿತು. ಹುಡುಗಿ ತನ್ನ ಪುಸ್ತಕದ ಅಂಚಿನಲ್ಲಿ ಪ್ರತಿ ಲೆಕ್ಕದ ಪಕ್ಕ x ಏನೆಂದು ಬರೆದುಕೊಳ್ಳುತ್ತಿದ್ದಳು: ಬುಟ್ಟಿ, ಹಗ್ಗದ ಮಾರು, ಎಳನೀರ ಬೊಂಡದ ಗೊನೆ. ಹಿಂದಿನ ಬೆಂಚಿನಿಂದ ಸಚಿನ್, "ಹ್ವಾಯ್, ಪಾಲಿನ ಲೆಕ್ಕ ಬಂತ್ ಕಾಣಿ," ಎಂದರೆ ತರಗತಿ ನಗುತ್ತಿತ್ತು. ಅನಿಷಾ ಮಾತ್ರ ನಗದೆ, ಪ್ರತಿ ಸಲವೂ ಪೆನ್ನಿನ ಕ್ಯಾಪು ಹಾಕಿ ಕಿಟಕಿಯ ಕಡೆ ನೋಡುತ್ತಿದ್ದಳು. ಉಲ್ಲಾಸ ಶೆಟ್ಟರು ಹೆಡ್‌ಮಾಸ್ಟರರಿಗೆ ಫೋನು ಮಾಡಿ ಪಾಠ ಎಲ್ಲಿಯವರೆಗೆ ಬಂತೆಂದು ವಿಚಾರಿಸಿದರು. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟದ್ದರಿಂದ ಪಾಠ ಇನ್ನಷ್ಟು ಹಿಂದೆ ಬಿತ್ತು.

ಆಮೇಲೆ ಪ್ರಶ್ನೆಗಳು ಕಡಿಮೆಯಾದವು. ಯಾವತ್ತು ನಿಂತವು ಎಂಬುದನ್ನು ಸೌಜನ್ಯ ಗಮನಿಸಲಿಲ್ಲ. ಪಾಠ ಸರಾಗವಾಗಿ ಓಡತೊಡಗಿದಾಗ ಅವಳಿಗೆ ಆದದ್ದು ಸಮಾಧಾನ.

ಆಗಸ್ಟಿನ ಕಿರುಪರೀಕ್ಷೆಯಲ್ಲಿ ಮೋಕ್ಷಿತಾಗೆ ಪೂರ್ತಿ ಅಂಕ ಬಂತು. ಬಸ್ಸಿನಲ್ಲಿ ಸಿಕ್ಕ ಪ್ರಭಾವತಿ ಎಲ್ಲರೆದುರು ಸೌಜನ್ಯಳ ಕೈ ಹಿಡಿದು, ನೀವು ಸುಮ್ಮನೆ ಹೆದರಿಸಿದಿರಿ ಎಂದಳು. ಸೌಜನ್ಯ ನಕ್ಕಳು. ಆದರೆ ಮನೆಗೆ ಬಂದು ಆ ಪತ್ರಿಕೆಯನ್ನು ಮತ್ತೆ ತೆಗೆದಾಗ ಅವಳಿಗೆ ಏನೋ ಸರಿಯಿಲ್ಲ ಎನಿಸಿತು. ಹಂತಗಳೆಲ್ಲ ಸರಿ. ಈಕಡೆಯದು ಆಕಡೆಗೆ ಹೋಗಿದೆ, ಚಿಹ್ನೆ ಬದಲಾಗಿದೆ, ಉತ್ತರ ಬಂದಿದೆ. ಅಂಚು ಖಾಲಿ. ಎಲ್ಲಿಯೂ ಬುಟ್ಟಿಯಿಲ್ಲ, ಹಗ್ಗವಿಲ್ಲ. ಹೆಸರು ಮುಚ್ಚಿದರೆ ಅದು ಸಚಿನ್‌ನ ಪತ್ರಿಕೆಯೋ ಅನಿಷಾಳದ್ದೋ ಆಗಬಹುದಿತ್ತು. ಇದಕ್ಕೇ ಕಲಿಯುವುದು ಎನ್ನುತ್ತಾರೆಯೆ? ಬೀಜಗಣಿತದ ಗುಟ್ಟು ಇರುವುದೇ ಅದರಲ್ಲಿ, ಬುಟ್ಟಿಯನ್ನು ಬಿಟ್ಟು ಮುಂದೆ ಹೋಗುವುದರಲ್ಲಿ. ಹುಡುಗಿ ಬುಟ್ಟಿಯನ್ನು ತಾನಾಗಿ ಬಿಟ್ಟಳೋ, ಯಾರಾದರೂ ಕಿತ್ತುಕೊಂಡರೋ? ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತದೆ.

ಮರುದಿನ ಪಾಠ ಮುಗಿದ ಮೇಲೆ ಅವಳು ಹುಡುಗಿಯನ್ನು ನಿಲ್ಲಿಸಿಕೊಂಡು, ಈಗ ಯಾಕೆ ಏನೂ ಕೇಳುವುದಿಲ್ಲ ಎಂದಳು.

"ಕೇಂಡ್ರೆ ಕ್ಲಾಸ್ ನಿಲ್ಲತ್ತ್ ಟೀಚರ್."

"ಯಾರು ಹೇಳಿದ್ದು?"

"ಎಲ್ಲ್ರೂ."

ಹೇಳುವಾಗ ಅವಳಲ್ಲಿ ದೂರಿನ ದನಿ ಇರಲಿಲ್ಲ. ಇವತ್ತು ಮಳೆ ಎಂದಷ್ಟೇ ಸಹಜವಾಗಿ ಹೇಳಿದಳು. ಪೂರ್ತಿ ಅಂಕದ ಆ ಪತ್ರಿಕೆಯನ್ನು ಕೊಟ್ಟು, ಗೊತ್ತಾಗದೆ ಬರೆದದ್ದು ಇದ್ದರೆ ತೋರಿಸು ಎಂದಾಗ ಹುಡುಗಿ ಹಿಂಜರಿದಳು. ಅಂಕ ಹೋಗುತ್ತದೆಯೆ ಎಂದು ಕೇಳಿ, ಹೋಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಋಣವನ್ನು ಋಣದಿಂದ ಗುಣಿಸಿ ಧನ ಮಾಡಿದ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ಇನ್ನೊಂದು ಸಾಲು. ಪುಟ ತಿರುಗಿಸಿ ಇನ್ನೊಂದು. ಬೆರಳು ನಿಲ್ಲಲಿ ಎಂದು ಸೌಜನ್ಯ ಕಾದಳು. ಅದು ಇನ್ನೂ ಎರಡು ಕಡೆ ಹೋಯಿತು.

ಗುರುವಾರದ ತರಗತಿಗೆ ಅವಳು ಹೊಸ ಅಧ್ಯಾಯದ ತಯಾರಿ ಮಾಡಿಕೊಂಡು ಬರಲಿಲ್ಲ. ಋಣ ಮೂರು ಗುಣಿಲೆ ಋಣ ನಾಲ್ಕು ಎಂದು ಬೋರ್ಡಿನಲ್ಲಿ ಬರೆದಳು. ಧನ ಹನ್ನೆರಡು ಎಂದು ಇಡೀ ತರಗತಿ ಒಟ್ಟಿಗೆ ಕೂಗಿತು. ಯಾಕೆ ಎಂದು ಕೇಳಿದಳು. ನಿಯಮ ಎಂದ ಸಚಿನ್. ನಿಯಮ ಯಾಕೆ ಎಂದು ಕೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದ್ ಪರೀಕ್ಷೆಗೆ ಬತ್ತಾ ಟೀಚರ್?" ಎಂದಳು ಅನಿಷಾ.

"ಬರುವುದಿಲ್ಲ."

ಅನಿಷಾ ಪೆನ್ನಿನ ಕ್ಯಾಪು ಹಾಕಿದಳು.

ಜಗಲಿಯಲ್ಲಿ ಹೋಗುತ್ತಿದ್ದ ಚೆನ್ನಯ್ಯನವರು ಪಾಠದ ಸದ್ದು ಕೇಳದೆ ಬಾಗಿಲಲ್ಲಿ ನಿಂತರು. ಪಾಠ ಎಲ್ಲಿಗೆ ಬಂತೆಂದು ಮೆಲುದನಿಯಲ್ಲಿ ವಿಚಾರಿಸಿದರು. ನಿಂತಿದೆ ಸರ್, ನಾನೇ ನಿಲ್ಲಿಸಿದ್ದು ಎಂದು ಸೌಜನ್ಯ ಹೇಳಿದಳು. ಅವರು ಬೋರ್ಡನ್ನೂ ಮಕ್ಕಳನ್ನೂ ನೋಡಿದರು. ಏನೋ ಹೇಳಲು ಹೊರಟು, ಮಕ್ಕಳ ಎದುರು ಬೇಡವೆನಿಸಿತೋ ಏನೋ, ಸಂಜೆ ಆಫೀಸಿಗೆ ಬಂದು ಹೋಗಿ ಎಂದು ಹೊರಟುಹೋದರು.

ಮೋಕ್ಷಿತಾ ಅವರ ಹೆಜ್ಜೆಯ ಸದ್ದು ಜಗಲಿಯ ತುದಿಗೆ ಹೋಗುವವರೆಗೆ ಕಾದಳು. ಕೈ ಎತ್ತಲಿಲ್ಲ, ಎದ್ದು ನಿಂತಳು.

"ನಂಗೆ ಅದಕ್ಕಿಂತ್ ಹಿಂದಿಂದೇ ಗೊತ್ತಾಯ್ಲಿಲ್ಲ, ಟೀಚರ್."

"ಎಲ್ಲಿಂದ?"

ಅವಳು ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿದಳು. ಒಂದಾದ ಮೇಲೊಂದು ಹಾಳೆ ಹೋಗುತ್ತಲೇ ಇತ್ತು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಸಚಿನ್ ತನ್ನ ಪುಸ್ತಕವನ್ನು ಎಳೆದುಕೊಂಡು, ತಲೆ ಎತ್ತದೆ, ತನ್ನಷ್ಟಕ್ಕೆ ಎಂಬಂತೆ "ನಂಗೂ" ಎಂದ.

ಸಂಜೆ ಆಫೀಸಿನಲ್ಲಿ ಹೇಳಬೇಕಾದ ಮಾತುಗಳು, ಉಲ್ಲಾಸ ಶೆಟ್ಟರ ಫೋನು, ಮುಗಿಯದೆ ಉಳಿಯುವ ಅಧ್ಯಾಯಗಳು ಎಲ್ಲ ಒಮ್ಮೆಗೇ ಸೌಜನ್ಯಳ ಕಣ್ಣೆದುರು ಬಂದವು. ಅವಳು ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು. ಮೋಕ್ಷಿತಾಳ ಕಡೆ ತಿರುಗಿ, ಯಾವ ಪುಟದಿಂದ ಶುರುಮಾಡಬೇಕು ಎಂದು ಕೇಳಿದಳು.